ಸ್ಕೈ ದ್ವೀಪದ ಚಿಕ್ಕ ಹೋಟೆಲಿಗೆ ಗ್ಯಾಲಿಕ್ ನಾಮಫಲಕ: ವ್ಯಾಪಾರಕ್ಕೆ ಎಷ್ಟು ನೆರವು?

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಪೋರ್ಟ್ರೀ ಪಟ್ಟಣದಲ್ಲಿ ಕಾಫಿ-ತಿಂಡಿಯ ಚಿಕ್ಕ ಹೋಟೆಲು ನಡೆಸುತ್ತಿದ್ದೇವೆ. ಗಾಳಿ-ಮಳೆಗೆ ಹಾಳಾದ ಹಳೆಯ ಬೋರ್ಡನ್ನು ಈಗ ಬದಲಾಯಿಸಬೇಕಾಗಿದೆ. ಇಂಗ್ಲಿಷಿನ ಜೊತೆಗೆ ಇಲ್ಲಿನ ಹಳೆಯ ಸ್ಥಳೀಯ ಭಾಷೆಯಾದ ಗ್ಯಾಲಿಕ್‌ನಲ್ಲೂ ಹೆಸರು ಬರೆಸಿ ಎಂದು ಪಕ್ಕದ ಅಂಗಡಿಯವರು ಹೇಳುತ್ತಿದ್ದಾರೆ. ಅದರಿಂದ ನಿಜವಾಗಿ ವ್ಯಾಪಾರ ಹೆಚ್ಚುತ್ತದೆಯೇ? ಭಾಷೆಯೇ ಬಾರದ ಹೊರಗಿನವರು ಹೀಗೆ ಮಾಡಿದರೆ ಊರಿನವರು ತಪ್ಪು ತಿಳಿಯುವುದಿಲ್ಲವೇ? ಬೋರ್ಡಿನಲ್ಲಿ ಕನ್ನಡವನ್ನೂ ಒಂದು ಸಾಲು ಸೇರಿಸಬಹುದೇ?

ಉತ್ತರ: ಗ್ಯಾಲಿಕ್ ಬೋರ್ಡನ್ನು ಖಂಡಿತ ಹಾಕಿಸಿ. ಆದರೆ ಅದನ್ನು ಪ್ರವಾಸಿಗರ ಕಣ್ಣು ಸೆಳೆಯುವ ಅಲಂಕಾರವೆಂದು ಭಾವಿಸಿ ಹಾಕಿಸಬೇಡಿ. ಊರಿನಲ್ಲಿ ಆ ಭಾಷೆಯನ್ನು ಆಡುವವರಿಗಾಗಿ, ಅವರು ಓದಿ ಒಪ್ಪುವಂತೆ ಹಾಕಿಸಿ. ಇವೆರಡರ ನಡುವಿನ ಅಂತರ ಮೇಲುನೋಟಕ್ಕೆ ಸಣ್ಣದಾಗಿ ಕಂಡರೂ ಬೋರ್ಡಿನಿಂದ ವ್ಯಾಪಾರಕ್ಕೆ ಏನಾದರೂ ಲಾಭವಾಗುತ್ತದೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಮೊದಲಿಗೆ ಕಾನೂನಿನ ಮಾತನ್ನು ಮುಗಿಸಿಬಿಡೋಣ. ಕರ್ನಾಟಕದಲ್ಲಿ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದದ್ದನ್ನು ನೀವು ಬಲ್ಲಿರಿ. ಸ್ಕಾಟ್ಲೆಂಡಿನಲ್ಲಿ ಖಾಸಗಿ ಅಂಗಡಿಗಳ ಮೇಲೆ ಅಂಥ ಕಟ್ಟುಪಾಡು ಇಲ್ಲ. 2005ರ ಗ್ಯಾಲಿಕ್ ಭಾಷಾ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ್ದು. 2025ರ ಹೊಸ ಕಾಯ್ದೆ ಗ್ಯಾಲಿಕ್ ಮತ್ತು ಸ್ಕಾಟ್ಸ್ ಭಾಷೆಗಳಿಗೆ ಅಧಿಕೃತ ಸ್ಥಾನ ನೀಡಿದೆಯಾದರೂ ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಅದು ಹೇಳುವುದಿಲ್ಲ. ಆದ್ದರಿಂದ ನಿಮ್ಮ ಬೋರ್ಡಿನ ಮೇಲೆ ಗ್ಯಾಲಿಕ್ ಇದ್ದರೆ ಅದು ನೀವಾಗಿಯೇ ಮಾಡಿದ ಆಯ್ಕೆ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ, ಅದರ ಬೆಲೆ ಇರುವುದೂ ಅಲ್ಲಿಯೇ. ನಿಮ್ಮ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಅಥವಾ ಸಂರಕ್ಷಿತ ವಲಯದಲ್ಲಿದ್ದರಂತೂ, ಬೋರ್ಡಿನ ಅಳತೆ, ಬಣ್ಣ, ದೀಪಗಳ ಬಗ್ಗೆ ಅಲ್ಲಿನ ಸ್ಥಳೀಯ ಆಡಳಿತವಾದ ಹೈಲ್ಯಾಂಡ್ ಕೌನ್ಸಿಲ್‌ನ ಯೋಜನಾ ವಿಭಾಗವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಬೋರ್ಡು ಬರೆಸಿ ಗೋಡೆಗೇರಿಸಿದ ಮೇಲೆ ತೆಗೆಯಬೇಕಾಗಿ ಬಂದರೆ ಖರ್ಚು ಎರಡು ಪಟ್ಟಾಗುತ್ತದೆ.

ನೀವು ಪೋರ್ಟ್ರೀಯಲ್ಲೇ ಇರುವುದರಿಂದ ನಿಮ್ಮ ಪ್ರಶ್ನೆಗೆ ಆ ಊರಿನ ಇತಿಹಾಸದಲ್ಲೇ ಒಂದು ಒಳ್ಳೆಯ ಉತ್ತರ ಸಿಗುತ್ತದೆ. ಎಡಿನ್‌ಬರೋದಲ್ಲಿ ಬ್ಯಾಂಕು ವ್ಯವಹಾರದಲ್ಲಿ ಹೆಸರು ಮಾಡಿದ್ದ ಸರ್ ಇಯನ್ ನೋಬಲ್ ಅವರು 1972ರಲ್ಲಿ ಸ್ಕೈ ದ್ವೀಪದ ದಕ್ಷಿಣದ ಸ್ಲೇಟ್ ಪ್ರದೇಶದಲ್ಲಿ ದೊಡ್ಡ ಜಮೀನನ್ನು ಕೊಂಡರು. ಅವರಿಗೂ ಗ್ಯಾಲಿಕ್ ಮನೆಮಾತಾಗಿರಲಿಲ್ಲ, ದೊಡ್ಡವರಾದ ಮೇಲೆ ಕಲಿತ ಭಾಷೆ. ಪೋರ್ಟ್ರೀಯ ರಸ್ತೆ ಕಾಮಗಾರಿಗೆ ಕೌಂಟಿ ಕೌನ್ಸಿಲ್‌ಗೆ ಅವರ ಒಡೆತನದ ಸ್ವಲ್ಪ ಜಾಗ ಬೇಕಾದಾಗ, ಅದನ್ನು ಪುಕ್ಕಟೆಯಾಗಿ ಬಿಟ್ಟುಕೊಡುತ್ತೇನೆ, ಆದರೆ ಆ ದಾರಿಯ ಫಲಕಗಳು ಗ್ಯಾಲಿಕ್ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು ಎಂಬ ಷರತ್ತನ್ನು ಅವರು ಮುಂದಿಟ್ಟರು. ಕೌನ್ಸಿಲ್ ಮನಸ್ಸಿಲ್ಲದೆಯೇ ಒಪ್ಪಿಕೊಂಡಿತು. ಇಂದು ಹೈಲ್ಯಾಂಡ್ ಪ್ರದೇಶದ ಊರೂರಿನಲ್ಲಿ ಕಾಣುವ ದ್ವಿಭಾಷಾ ಫಲಕಗಳ ಕಥೆಯನ್ನು ಬರೆಯುವವರು ಈ ಪ್ರಸಂಗವನ್ನು ಬಿಟ್ಟು ಮುಂದೆ ಹೋಗಲಾರರು.

ಆದರೆ ನೋಬಲ್ ಅವರು ಫಲಕಕ್ಕೆ ನಿಲ್ಲಲಿಲ್ಲ ಎಂಬುದು ನಿಮಗೆ ಹೆಚ್ಚು ಮುಖ್ಯ. 1973ರಲ್ಲಿ ಸ್ಲೇಟ್‌ನ ಒಂದು ಹಳೆಯ ಕೊಟ್ಟಿಗೆ ಕಟ್ಟಡದಲ್ಲಿ ಸೌಲ್ ಮೋರ್ ಓಸ್ಟಿಕ್ ಎಂಬ ಗ್ಯಾಲಿಕ್ ಕಾಲೇಜು ಆರಂಭವಾಗಲು ಅವರೇ ಕಾರಣರಾದರು. ಎಲನ್ ಇಯರ್ಮನ್ ಎಂಬ ಗ್ಯಾಲಿಕ್ ಹೆಸರಿನಲ್ಲೇ ಅಲ್ಲಿನ ವಸತಿಗೃಹವನ್ನು ನಡೆಸಿದರು. 1976ರಲ್ಲಿ ಸ್ಥಾಪಿಸಿದ ವಿಸ್ಕಿ ಕಂಪನಿಗೂ, ಅದರ ಸರಕಿಗೂ ಗ್ಯಾಲಿಕ್ ಹೆಸರನ್ನೇ ಇಟ್ಟರು. ಹೊರಗಿನ ಬೋರ್ಡಿನಲ್ಲಿ ಕಂಡ ಭಾಷೆ ಒಳಗಿನ ಮಾತಿನಲ್ಲೂ ಸೀಸೆಯ ಚೀಟಿಯಲ್ಲೂ ಇದ್ದುದರಿಂದ ಅದು ಆ ವ್ಯಾಪಾರದ ಗುರುತಾಗಿ ಉಳಿಯಿತು. ಬಂಡವಾಳವಿದ್ದವರ ಮಾತು ಅದು, ನಮ್ಮಂಥ ಚಿಕ್ಕ ಹೋಟೆಲಿನವರಿಗೆ ಸಾಧ್ಯವೇ ಎಂದು ನೀವು ಕೇಳಬಹುದು. ಪ್ರಮಾಣ ಚಿಕ್ಕದಾಗಬಹುದು, ಕ್ರಮ ಅದೇ.

ಈಗ ಲಾಭದ ವಿಚಾರ. ನಾಮಫಲಕಗಳ ಅಧ್ಯಯನದಲ್ಲಿ ಬಹಳವಾಗಿ ಉಲ್ಲೇಖಗೊಳ್ಳುವ 1997ರ ಪ್ರಬಂಧವೊಂದರಲ್ಲಿ ಲಾಂಡ್ರಿ ಮತ್ತು ಬೂರಿ ಎಂಬ ಇಬ್ಬರು ವಿದ್ವಾಂಸರು, ಫಲಕದ ಮೇಲಿನ ಭಾಷೆ ಎರಡು ಕೆಲಸ ಮಾಡುತ್ತದೆ ಎಂದು ವಿವರಿಸಿದ್ದಾರೆ: ಒಂದು ಮಾಹಿತಿ ಕೊಡುವುದು, ಇನ್ನೊಂದು ಆ ಭಾಷೆಯ ಜನರಿಗೆ ಇಲ್ಲಿ ಸ್ಥಾನವಿದೆ ಎಂದು ಸೂಚಿಸುವುದು. ಗ್ಯಾಲಿಕ್ ವಿಷಯದಲ್ಲಿ ಮೊದಲನೆಯ ಕೆಲಸ ಬಹುತೇಕ ಇಲ್ಲ, ಏಕೆಂದರೆ ಗ್ಯಾಲಿಕ್ ಓದಬಲ್ಲ ಪ್ರತಿಯೊಬ್ಬರೂ ಇಂಗ್ಲಿಷನ್ನೂ ಓದಬಲ್ಲರು. ಎರಡನೆಯದೇ ಪೂರ್ತಿ ಕೆಲಸ. ಹಾಗಾಗಿ ಗ್ಯಾಲಿಕ್ ಬೋರ್ಡು ಯಾರಿಗೂ ದಾರಿ ತೋರಿಸುವುದಿಲ್ಲ. ಈ ಅಂಗಡಿಯವರು ಈ ಊರನ್ನು ಹೇಗೆ ಕಾಣುತ್ತಾರೆ ಎಂಬುದನ್ನು ತೋರಿಸುತ್ತದೆ.

ಅದನ್ನು ಓದುವವರು ಯಾರೆಂದು ಸ್ವಲ್ಪ ಯೋಚಿಸಿ. 2022ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗ್ಯಾಲಿಕ್ ಮಾತಾಡಬಲ್ಲವರು 69,701 ಮಂದಿ. 2011ರಲ್ಲಿ ಈ ಸಂಖ್ಯೆ ಸುಮಾರು 57 ಸಾವಿರ ಇತ್ತು. ಏರಿಕೆ ಸಂತೋಷದ್ದೇ. ಆದರೆ ಅದರ ಹಿಂದೆ ಹೊಸದಾಗಿ ಕಲಿತವರ, ನಗರಗಳಲ್ಲಿ ಇರುವವರ ಪಾಲು ದೊಡ್ಡದು. ದ್ವೀಪಗಳಲ್ಲಿ, ಮನೆ-ಬೀದಿಗಳಲ್ಲಿ ದಿನವೂ ಆಡುವ ಭಾಷೆಯಾಗಿ ಗ್ಯಾಲಿಕ್ ಸೊರಗುತ್ತಿದೆ. ಅಂಥ ಸಮುದಾಯಗಳಲ್ಲಿ ಸುಮಾರು 11 ಸಾವಿರ ಮಂದಿಯಷ್ಟೇ ಉಳಿದಿದ್ದಾರೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಎಚ್ಚರಿಸಿತು. ನಿಮ್ಮ ಪಟ್ಟಣದಲ್ಲೇ 2018ರಲ್ಲಿ ಗ್ಯಾಲಿಕ್ ಮಾಧ್ಯಮದ ಪ್ರತ್ಯೇಕ ಪ್ರಾಥಮಿಕ ಶಾಲೆಯ ಕಟ್ಟಡ ತೆರೆಯಿತು. ಆ ಮಕ್ಕಳು ಶಾಲೆ ಬಿಟ್ಟ ಮೇಲೆ ಗ್ಯಾಲಿಕ್‌ನಲ್ಲಿ ಓದಲು ಬೀದಿಯಲ್ಲಿ ಏನಿದೆ ಎಂಬುದು ಅವರ ತಂದೆತಾಯಿಗಳಿಗೆ ನಿಜವಾದ ಚಿಂತೆ. ನಿಮ್ಮ ಬಾಗಿಲಿನ ಮೇಲೆ ಮಗು ತಾನೇ ಅಕ್ಷರ ಕೂಡಿಸಿ ಓದಬಲ್ಲ ನಾಲ್ಕು ಪದಗಳಿದ್ದರೆ, ಆ ಮನೆಯವರು ನವೆಂಬರ್‌ನಿಂದ ಮಾರ್ಚ್‌ವರೆಗೆ, ಪ್ರವಾಸಿಗರಿಲ್ಲದ ತಿಂಗಳುಗಳಲ್ಲಿ ಕಾಫಿಗೆ ಬರುವ ಗಿರಾಕಿಗಳಾಗಬಹುದು. ಸ್ಕೈ ದ್ವೀಪದಂಥ ಕಡೆ ಬೇಸಿಗೆಯ ಜನಸಂದಣಿ ಹೇಗೂ ಬರುತ್ತದೆ. ಚಿಕ್ಕ ಹೋಟೆಲು ಉಳಿಯುವುದು ಚಳಿಗಾಲದ ಗಿರಾಕಿಗಳಿಂದ. ಸ್ಥಳೀಯರೇ ಮೊದಲು ಎಂದು ನಾನು ಒತ್ತಿ ಹೇಳುವುದು ಭಾಷೆಯ ಮೇಲಿನ ಅಭಿಮಾನದಿಂದ ಮಾತ್ರವಲ್ಲ, ನಿಮ್ಮ ಲೆಕ್ಕದ ಪುಸ್ತಕದ ದೃಷ್ಟಿಯಿಂದಲೂ ಹೌದು.

ಪ್ರವಾಸಿಗರ ಪಾಲು ಇಲ್ಲವೆಂದಲ್ಲ. ಎ87 ಹೆದ್ದಾರಿಯಲ್ಲಿ ಬರುವವರು ದಾರಿಯುದ್ದಕ್ಕೂ ಹಸಿರು ಫಲಕಗಳ ಮೇಲೆ ಹಳದಿಯಲ್ಲಿ ಗ್ಯಾಲಿಕ್, ಬಿಳಿಯಲ್ಲಿ ಇಂಗ್ಲಿಷ್ ಓದುತ್ತಲೇ ಬರುತ್ತಾರೆ. ರೈಲಿನಲ್ಲಿ ಬಂದವರು ನಿಲ್ದಾಣಗಳ ಎರಡು ಹೆಸರುಗಳನ್ನು ನೋಡಿಯೇ ಇಳಿಯುತ್ತಾರೆ. ಇಷ್ಟೆಲ್ಲ ನೋಡಿ ಪಟ್ಟಣಕ್ಕೆ ಬಂದವರಿಗೆ ಅಂಗಡಿಗಳಲ್ಲಿ ಆ ಭಾಷೆಯ ಸುಳಿವೇ ಇಲ್ಲದಿದ್ದರೆ ಏನೋ ಕೊರತೆ ಕಾಣುತ್ತದೆ. ಮೊಬೈಲ್ ಫೋನಿನಲ್ಲಿ ಭಾಷೆ ಕಲಿಸುವ ಡ್ಯುಯೊಲಿಂಗೊ 2019ರಲ್ಲಿ ಗ್ಯಾಲಿಕ್ ಪಾಠಗಳನ್ನು ಆರಂಭಿಸಿದ ಮೇಲೆ ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಹೆಸರು ನೋಂದಾಯಿಸಿದರು. ಅವರಲ್ಲಿ ಸ್ಕೈಗೆ ಬಂದವರು ಕಲಿತ ಎರಡು ಮಾತನ್ನು ಎಲ್ಲಾದರೂ ಆಡಿ ನೋಡಬೇಕೆಂದು ಹಂಬಲಿಸುತ್ತಾರೆ.

ಅಂಕಿಅಂಶ ಕೇಳುವುದಾದರೆ, ಹೈಲ್ಯಾಂಡ್ಸ್ ಅಂಡ್ ಐಲ್ಯಾಂಡ್ಸ್ ಎಂಟರ್‌ಪ್ರೈಸ್ ಎಂಬ ಸರ್ಕಾರಿ ಅಭಿವೃದ್ಧಿ ಸಂಸ್ಥೆಗಾಗಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಸ್ಕಾಟ್ಲೆಂಡಿನ ಆರ್ಥಿಕತೆಗೆ ಗ್ಯಾಲಿಕ್ ಭಾಷೆಯಿಂದ ಒದಗಬಲ್ಲ ಮೌಲ್ಯ 8.16 ಕೋಟಿಯಿಂದ 14.85 ಕೋಟಿ ಪೌಂಡ್‌ಗಳವರೆಗೆ ಇರಬಹುದೆಂದು ಅಂದಾಜಿಸಿತು. ಬೋರ್ಡು ಮಾರಲು ಬರುವವರು ಈ ಅಂಕಿಯನ್ನು ಹಿಡಿದುಕೊಂಡು ಬಂದರೆ ಎಚ್ಚರದಿಂದ ಕೇಳಿಸಿಕೊಳ್ಳಿ. ಅದು ಸಂಗೀತ, ಪ್ರವಾಸ, ಆಹಾರ, ಪಾನೀಯ, ಶಿಕ್ಷಣ, ಮಾಧ್ಯಮ ಎಲ್ಲವನ್ನೂ ಸೇರಿಸಿಕೊಂಡ ಅಂದಾಜು. ಒಂದು ಹೋಟೆಲಿನ ಬೋರ್ಡು ಬದಲಾಯಿಸಿದ್ದರಿಂದ ಗಲ್ಲಾಪೆಟ್ಟಿಗೆಗೆ ಎಷ್ಟು ಹೆಚ್ಚು ಬಂತು ಎಂಬುದನ್ನು ಅದರಿಂದ ಲೆಕ್ಕ ಹಾಕಲಾಗದು. ಬೋರ್ಡಿನ ಪರಿಣಾಮವನ್ನು ಹವೆ, ರಜೆ, ರುಚಿ, ದರಗಳಿಂದ ಬೇರ್ಪಡಿಸಿ ಅಳೆಯುವುದು ಬಹಳ ಕಷ್ಟ. ನಿಮ್ಮ ಮಟ್ಟಿಗೆ, ಗಿರಾಕಿಗಳು ಬೋರ್ಡಿನ ಬಗ್ಗೆ ಮಾತೆತ್ತಿದಾಗಲೆಲ್ಲ ಅವರು ಊರಿನವರೋ ಹೊರಗಿನವರೋ ಎಂದು ಒಂದು ವರ್ಷ ಗುರುತು ಹಾಕಿಟ್ಟುಕೊಂಡರೆ, ಯಾವ ವರದಿಗಿಂತಲೂ ಉಪಯುಕ್ತವಾದ ತಿಳಿವಳಿಕೆ ನಿಮಗೇ ದೊರಕುತ್ತದೆ.

ಒಂದು ವಿಚಾರದಲ್ಲಿ ಮಾತ್ರ ದುಡುಕಬೇಡಿ. ಈಗಾಗಲೇ ಜನರ ಬಾಯಲ್ಲಿರುವ ನಿಮ್ಮ ಹೋಟೆಲಿನ ಹೆಸರನ್ನು ತೆಗೆದುಹಾಕಿ ಆ ಜಾಗದಲ್ಲಿ ಗ್ಯಾಲಿಕ್ ಹೆಸರನ್ನಷ್ಟೇ ಇಡುವುದು ಬೇಡ. ಐರ್ಲೆಂಡಿನ ಪಶ್ಚಿಮ ಕರಾವಳಿಯ ಡಿಂಗಲ್ ಪಟ್ಟಣದಲ್ಲಿ ನಡೆದದ್ದನ್ನು ನೋಡಿ. ಐರಿಷ್ ಭಾಷಿಕ ಪ್ರದೇಶಗಳ ಊರುಗಳಿಗೆ ಐರಿಷ್ ಹೆಸರೊಂದೇ ಅಧಿಕೃತವೆಂಬ ಆದೇಶ 2005ರಲ್ಲಿ ಜಾರಿಗೆ ಬಂದಾಗ, ಡಿಂಗಲ್ ಎಂಬ ಹೆಸರು ರಸ್ತೆ ಫಲಕಗಳಿಂದ ಮರೆಯಾಗಿ 'ಆನ್ ಡ್ಯಾಂಗನ್' ಎಂಬುದು ಮಾತ್ರ ಉಳಿಯಿತು. ಪ್ರಪಂಚಕ್ಕೆಲ್ಲ ಡಿಂಗಲ್ ಎಂದೇ ಗೊತ್ತಿದ್ದ ಊರು ಅದು. ಪ್ರವಾಸೋದ್ಯಮವನ್ನೇ ನೆಚ್ಚಿಕೊಂಡ ಅಲ್ಲಿನ ವ್ಯಾಪಾರಿಗಳು ಕಂಗಾಲಾದರು. 2006ರಲ್ಲಿ ನಡೆದ ಮತದಾನದಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಎರಡೂ ಭಾಷೆಯ ಹೆಸರು ಇರಲಿ ಎಂದರು, 2011ರಲ್ಲಿ ಕಾನೂನಿನ ಮೂಲಕವೇ ಆ ವ್ಯವಸ್ಥೆ ಬಂತು. ಆ ಜನ ಐರಿಷ್ ಭಾಷೆಯ ವಿರೋಧಿಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು, ಅವರು ಕೇಳಿದ್ದು ಎರಡನ್ನೂ. ನಿಮ್ಮ ಇಂಗ್ಲಿಷ್ ಹೆಸರು ಇದ್ದಂತೆಯೇ ಇರಲಿ, ಅಂತರ್ಜಾಲದ ನಕ್ಷೆಯಲ್ಲೂ ಬದಲಾಗದಿರಲಿ. ಗ್ಯಾಲಿಕ್ ಅದರ ಜೊತೆಗೆ ಬರಲಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಶ್ರದ್ಧೆ ಬೇಡುವ ವಿಷಯ, ಬರಹ ತಪ್ಪಿಲ್ಲದಿರುವುದು. ವೇಲ್ಸ್‌ನ ಸ್ವಾನ್‌ಸೀಯಲ್ಲಿ 2008ರಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂದು ತಿಳಿಸುವ ರಸ್ತೆ ಫಲಕವೊಂದನ್ನು ಹಾಕಿದರು. ವೆಲ್ಷ್ ಭಾಷೆಯ ಸಾಲಿಗಾಗಿ ಅನುವಾದಕರಿಗೆ ಇಮೇಲ್ ಹೋಗಿತ್ತು. ಅಲ್ಲಿಂದ ತಾನೇ ತಾನಾಗಿ ಬಂದ ಉತ್ತರವನ್ನೇ ಅನುವಾದವೆಂದು ತಿಳಿದು ಫಲಕದ ಮೇಲೆ ಬರೆಸಿಬಿಟ್ಟರು. 'ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳುಹಿಸಿ' ಎಂಬುದು ಆ ಸಾಲಿನ ಅರ್ಥ. ಆ ಭಾಷೆ ಬಲ್ಲ ಒಬ್ಬರಾದರೂ ಮೊದಲೇ ಓದಿದ್ದರೆ ಹೀಗಾಗುತ್ತಿರಲಿಲ್ಲ. ಭಾಷೆಯನ್ನು ಗೌರವಿಸಲು ಹೊರಟ ಬೋರ್ಡಿನಲ್ಲಿಯೇ ಅದು ಕೆಟ್ಟಿದ್ದರೆ, ಆ ಭಾಷೆಯವರಿಗೆ ಆಗುವ ನೋವು ಬೋರ್ಡೇ ಇಲ್ಲದಿದ್ದರೆ ಆಗುವುದಕ್ಕಿಂತ ಹೆಚ್ಚು.

ಗ್ಯಾಲಿಕ್‌ನಲ್ಲಿ ಪದಕೋಶ ನೋಡಿ ಒಂದರ ಪಕ್ಕ ಒಂದು ಪದ ಜೋಡಿಸಿದರೆ ಸಾಲದು. ಕನ್ನಡದಲ್ಲಿ ವಿಭಕ್ತಿ ಬಂದಾಗ ಪದದ ಕೊನೆ ಬದಲಾದರೆ, ಅಲ್ಲಿ ಎಷ್ಟೋ ಕಡೆ ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ನಿಮ್ಮ ಊರಿನ ಗ್ಯಾಲಿಕ್ ಹೆಸರಿನ ಆರಂಭದ 'ಪ' ಕಾರವು 'ಪೋರ್ಟ್ರೀಯ ಶಾಲೆ' ಎನ್ನುವಂಥ ಕಡೆ 'ಫ' ಕಾರವಾಗುತ್ತದೆ. ಶಾಲೆಯ ಬೋರ್ಡನ್ನೇ ನೋಡಿದರೆ ನಿಮಗೆ ಇದು ಕಾಣುತ್ತದೆ. ಸ್ವರಗಳ ಮೇಲೆ ಬರುವ ಓರೆಗೆರೆ ಎಡದಿಂದ ಬಲಕ್ಕೆ ಇಳಿಯಬೇಕು. ಐರ್ಲೆಂಡಿನ ಬರವಣಿಗೆಯಲ್ಲಿ ಅದು ಎದುರು ದಿಕ್ಕಿಗೆ ಏರುತ್ತದೆ, ಬೋರ್ಡು ಬರೆಯುವವರು ಇವೆರಡನ್ನು ಅದಲುಬದಲು ಮಾಡುವುದುಂಟು. ದೊಡ್ಡಕ್ಷರಗಳಲ್ಲಿ ಬರೆದರೂ ಆ ಗೆರೆಯನ್ನು ಬಿಡುವಂತಿಲ್ಲ. ಕೆಲವು ಪದಗಳ ಆರಂಭದಲ್ಲಿ ಅಡ್ಡಗೆರೆಯೊಡನೆ ಬರುವ 'ಎಚ್' ಅಕ್ಷರ, ಉಳಿದೆಲ್ಲವೂ ದೊಡ್ಡಕ್ಷರವಾಗಿದ್ದಾಗಲೂ ಸಣ್ಣದಾಗಿಯೇ ಇರಬೇಕು; ಕಂಪ್ಯೂಟರಿನಲ್ಲಿ ಒಂದೇ ಒತ್ತಿಗೆ ಎಲ್ಲವನ್ನೂ ದೊಡ್ಡಕ್ಷರ ಮಾಡಿದಾಗ ಅದು ಕೆಡುತ್ತದೆ. ಇವು ಕ್ಷುಲ್ಲಕವೆಂದು ತೋರಬಹುದು. ಒತ್ತಕ್ಷರ ಬಿಟ್ಟುಹೋದ ಕನ್ನಡ ಬೋರ್ಡನ್ನು ಕಂಡಾಗ ನಿಮಗೆ ಏನನ್ನಿಸುತ್ತದೆಯೋ ಅವರಿಗೂ ಅದೇ ಅನ್ನಿಸುತ್ತದೆ.

ಯಂತ್ರಾನುವಾದವನ್ನು ಬೋರ್ಡಿಗೆ ನಂಬಬೇಡಿ. ಊರ ಹೆಸರುಗಳ ಒಪ್ಪಿತ ಗ್ಯಾಲಿಕ್ ರೂಪಕ್ಕಾಗಿ ಸ್ಕಾಟ್ಲೆಂಡಿನ ಗ್ಯಾಲಿಕ್ ಸ್ಥಳನಾಮಗಳ ಸಂಸ್ಥೆಯ ಕೋಶವನ್ನು ಅಂತರ್ಜಾಲದಲ್ಲಿ ನೋಡಬಹುದು. ಅದರ ನೆಲೆ ಸೌಲ್ ಮೋರ್ ಓಸ್ಟಿಕ್ ಕಾಲೇಜಿನಲ್ಲೇ ಇರುವುದು ನಿಮಗೆ ಅನುಕೂಲ. ಇನ್‌ವರ್ನೆಸ್‌ನಲ್ಲಿ ಕಚೇರಿ ಇರುವ 'ಬೋರ್ಡ್ ನ ಗ್ಯಾಲಿಕ್' ಎಂಬ ಸರ್ಕಾರಿ ಸಂಸ್ಥೆ, 1984ರಿಂದ ಗ್ಯಾಲಿಕ್ ಬೆಳವಣಿಗೆಗೆ ಕೆಲಸ ಮಾಡುತ್ತಿರುವ 'ಕೋಮನ್ ನ ಗ್ಯಾಲಿಕ್' ಎಂಬ ಸಂಸ್ಥೆ ಇವೆರಡನ್ನೂ ಸಂಪರ್ಕಿಸಿ, ಅನುವಾದಕ್ಕೂ ಖರ್ಚಿಗೂ ಸದ್ಯ ಏನಾದರೂ ನೆರವು ಇದೆಯೇ ಎಂದು ಕೇಳಿ; ನೆರವಿನ ಯೋಜನೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತವೆ. ಬೋರ್ಡು ಮಾಡುವವರು ಕಳುಹಿಸುವ ಕೊನೆಯ ಕರಡನ್ನು ಭಾಷೆ ಬಲ್ಲವರೊಬ್ಬರು ನೋಡಿ ಒಪ್ಪಿದ ಮೇಲೆಯೇ ಮುಂಗಡ ಹಣ ಕೊಡಿ.

ಅಕ್ಷರಗಳ ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡೂ ಭಾಷೆಗಳು ಒಂದೇ ಅಳತೆಯಲ್ಲಿ, ಒಂದೇ ಅಕ್ಷರಶೈಲಿಯಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಇರಲಿ. ರಸ್ತೆ ಫಲಕಗಳಲ್ಲಿರುವಂತೆ ಗ್ಯಾಲಿಕ್ ಮೇಲಿರಲಿ. ಇಂಗ್ಲಿಷ್ ಹೆಸರಿನ ಅಡಿಯಲ್ಲಿ ಬಾಗಿಸಿ ಬರೆದ ಸಣ್ಣ ಗ್ಯಾಲಿಕ್ ಸಾಲು, ಒತ್ತಾಯಕ್ಕೆ ಸೇರಿಸಿದಂತೆ ಕಾಣುತ್ತದೆ. ಪುರಾತನವೆಂಬ ಭ್ರಮೆ ಹುಟ್ಟಿಸುವ ಬಳ್ಳಿಬಳ್ಳಿಯ ಅಕ್ಷರಗಳೂ ಬೇಡ. ಅದು ಇಂದಿಗೂ ಮಕ್ಕಳು ಜಗಳವಾಡುವ, ಹಿರಿಯರು ಹವೆಯನ್ನು ಶಪಿಸುವ ಜೀವಂತ ಭಾಷೆ.

ಬೋರ್ಡಿನಷ್ಟೇ ಗಮನವನ್ನು ಒಳಗೂ ಕೊಡಿ. ಬಾಗಿಲಿನ 'ತೆರೆದಿದೆ', 'ಮುಚ್ಚಿದೆ' ಎಂಬ ತೂಗುಪಟ್ಟಿ, ಮೆನುವಿನ ಶೀರ್ಷಿಕೆಗಳು, ಬಿಲ್ಲಿನ ಕೊನೆಯ ಧನ್ಯವಾದ, ಇವುಗಳಿಗೆ ತಗಲುವ ಖರ್ಚು ಅತ್ಯಲ್ಪ. ನಿಜ ಹೇಳಬೇಕೆಂದರೆ, ಹಣ ಕಡಿಮೆ ಇದ್ದರೆ ದೊಡ್ಡ ಬೋರ್ಡಿಗಿಂತ ಮೊದಲು ಇವನ್ನೇ ಮಾಡಿ ಎಂದು ಹೇಳುತ್ತಿದ್ದೆ. ನಿಮಗೆ ಹೇಗೂ ಬೋರ್ಡು ಬದಲಾಯಿಸಬೇಕಾಗಿರುವುದರಿಂದ ಎರಡನ್ನೂ ಒಟ್ಟಿಗೆ ಮಾಡಬಹುದು. ಜೊತೆಗೆ ಕೌಂಟರಿನಲ್ಲಿ ಇರುವವರೆಲ್ಲ ಮೂರು ಮಾತು ಕಲಿಯಲಿ: ಬೆಳಗಿನ ನಮಸ್ಕಾರಕ್ಕೆ 'ಮತಿನ್ ವಾ', ಸ್ವಾಗತಕ್ಕೆ 'ಫಾಲ್ಚ', ಧನ್ಯವಾದಕ್ಕೆ 'ತಾಪ ಲೇವ್'. ಬಿಬಿಸಿ ಆಲಬ ವಾಹಿನಿ ಮತ್ತು ಓಸ್ಟಿಕ್ ಕಾಲೇಜಿನವರು ಸೇರಿ 2021ರಿಂದ ನಡೆಸುತ್ತಿರುವ ಸ್ಪೀಕ್ ಗ್ಯಾಲಿಕ್ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಬೋರ್ಡು ನೋಡಿ ಗ್ಯಾಲಿಕ್‌ನಲ್ಲೇ ಮಾತಿಗಿಳಿದ ಅಜ್ಜಿಯೊಬ್ಬರಿಗೆ ಕೌಂಟರಿನವರು ಬರಿದೆ ಕಣ್ಣುಕಣ್ಣು ಬಿಟ್ಟರೆ ಆ ಬೋರ್ಡು ಅವರನ್ನು ಕರೆದು ಮೋಸ ಮಾಡಿದಂತಾಗುತ್ತದೆ. 'ಕಲಿಯುತ್ತಿದ್ದೇನೆ, ಇಷ್ಟೇ ಬರುತ್ತದೆ' ಎಂದು ಗ್ಯಾಲಿಕ್‌ನಲ್ಲಿ ಹೇಳಿದರೂ ಸಾಕು, ಅವರ ಮುಖ ಅರಳುತ್ತದೆ.

ಹೊರಗಿನವರೆಂಬ ನಿಮ್ಮ ಅಳುಕಿಗೆ ಇದರಲ್ಲೇ ಬಹುಪಾಲು ಉತ್ತರವಿದೆ. ಎಲ್ಲ ಊರಿನಲ್ಲೂ ಇದು ಒಂದೇ ರೀತಿ ಇರುವುದಿಲ್ಲ ಎಂಬುದೂ ನಿಜ. ಅದೇ ಹೈಲ್ಯಾಂಡ್ ಕೌನ್ಸಿಲ್‌ನ ಈಶಾನ್ಯ ತುದಿಯ ಕೇಥ್ನೆಸ್‌ನಲ್ಲಿ, ನಮ್ಮ ಪರಂಪರೆ ನಾರ್ಸ್ (ವೈಕಿಂಗರ ಭಾಷೆ) ಮತ್ತು ಸ್ಕಾಟ್ಸ್ ಭಾಷೆಗಳದ್ದು, ಗ್ಯಾಲಿಕ್ ಫಲಕ ನಮಗೇಕೆ ಎಂದು ಬಲವಾದ ಆಕ್ಷೇಪಗಳು ಎದ್ದಿವೆ. ಅಲ್ಲಿಂದ ನೀವು ಪತ್ರ ಬರೆದಿದ್ದರೆ ನೆರೆಹೊರೆಯವರನ್ನು ಮೊದಲು ವಿಚಾರಿಸಿ ಎನ್ನುತ್ತಿದ್ದೆ. ಪೋರ್ಟ್ರೀಯಲ್ಲಿ ನೆರೆಯವರೇ ಮುಂದಾಗಿ ಸೂಚಿಸಿದ್ದಾರೆ. ಗ್ಯಾಲಿಕ್ ಸಮುದಾಯದವರು ಬೇಸರಪಡುವುದು ಭಾಷೆಯನ್ನು ವೇಷದಂತೆ ತೊಟ್ಟು ಬಿಸಾಡುವವರ ಮೇಲೆ. ಕಲಿಯಲು ಹೊರಟವರು ಎಲ್ಲಿಂದ ಬಂದವರಾದರೂ ಅವರಿಗೆ ಸಂತೋಷವೇ.

ಕನ್ನಡದ ವಿಚಾರಕ್ಕೆ ಬರೋಣ. ಮುಖ್ಯ ಬೋರ್ಡಿನಲ್ಲಿ ಮೂರನೆಯ ಲಿಪಿ ಸೇರಿಸಿದರೆ ಎಲ್ಲ ಅಕ್ಷರಗಳೂ ಕಿರಿದಾಗಿ, ರಸ್ತೆಯ ಆಚೆ ಬದಿಯಿಂದ ಯಾವುದೂ ಓದಲು ಬಾರದಂತಾಗುತ್ತದೆ; ಆದ್ದರಿಂದ ಅಲ್ಲಿ ಬೇಡ. ಆದರೆ ಮೆನುವಿನಲ್ಲಿ ನಿಮ್ಮ ತಿಂಡಿಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಧಾರಾಳವಾಗಿ ಬರೆಸಿ, ಅವು ನಿಮ್ಮ ಮನೆಯ ಹೆಸರುಗಳು. ಅದರ ಕೆಳಗೆ ಗ್ಯಾಲಿಕ್ ಮತ್ತು ಇಂಗ್ಲಿಷಿನಲ್ಲಿ ಒಂದೊಂದು ಸಾಲಿನ ವಿವರಣೆ ಇರಲಿ. ಇಡ್ಲಿಯನ್ನು ಗ್ಯಾಲಿಕ್‌ನಲ್ಲಿ ಹೇಗೆ ವರ್ಣಿಸುವುದೆಂದು ಅನುವಾದಕರು ನಿಮ್ಮನ್ನೇ ಕೇಳುತ್ತಾರೆ. ಆಗ ಒಂದು ತಟ್ಟೆ ಬಡಿಸಿ ಅವರನ್ನು ಕೂರಿಸಿಕೊಂಡು ಮಾತಾಡಿ, ಫೋನಿನಲ್ಲಿ ಮುಗಿಸಬೇಡಿ.